ಒಂಬತ್ತನೆಯ ಫಾರಂ

ಪುಸ್ತಕಾಲಯದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿಯುವ ಹೆಂಗಸಿಗೆ ಎಲ್ಲರೂ ಹೊಲಿಗೆಯಮ್ಮ ಎನ್ನುತ್ತಿದ್ದರು. ಅದರಿಂದ ಅವಳಿಗೆ ಬೇಜಾರೇನೂ ಇರಲಿಲ್ಲ. ಮೂವತ್ತೊಂದು ವರ್ಷ ಒಂದೇ ಮೇಜಿನ ಮುಂದೆ ಕೂತರೆ ಮನುಷ್ಯರಿಗೆ ಕೆಲಸದ ಹೆಸರೇ ಗಟ್ಟಿಯಾಗುತ್ತದೆ, ಅಪ್ಪ ಅಮ್ಮ ಇಟ್ಟದ್ದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯುತ್ತದೆ. ಅವಳಿಗೆ ಬೇಕಾಗಿದ್ದದ್ದು ಇವೆರಡೂ ಅಲ್ಲದ ಮೂರನೆಯ ಹೆಸರು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವಳು ಭೂಮಿಯ ಮೇಲೆ ಒಬ್ಬಳೇ ಒಬ್ಬಳು, ಅವಳ ಅಕ್ಕ. ಅಕ್ಕ ಅದನ್ನು ಮರೆತು ಹನ್ನೊಂದು ತಿಂಗಳಾಗಿತ್ತು.

ಹೆಸರೇನೂ ದೊಡ್ಡದಲ್ಲ, ‘ಬಾಲ’. ಅಕ್ಕ ನಲ್ಲಿಗೆ ಹೋದರೆ ನಲ್ಲಿಗೆ, ಅಂಗಡಿಗೆ ಹೋದರೆ ಅಂಗಡಿಗೆ, ಕದ ಹಾಕಿಕೊಂಡು ಒಳಗೆ ಕೂತರೆ ಕದದ ಹೊರಗೆ. ಹೀಗೆ ಮೂರು ಹೊತ್ತೂ ಹಿಂದೆ ಹಿಂದೆ ಸುತ್ತುವ ಮಗುವನ್ನು ಬಾಲ ಎನ್ನದೆ ಇನ್ನೇನನ್ನಬೇಕು? ಅಕ್ಕ ಆರು ವರ್ಷಕ್ಕೆ ದೊಡ್ಡವಳು. ಬಡಗಿಯ ಅಂಗಡಿಯ ಮೇಲಿದ್ದ ಎರಡು ಕೋಣೆಯ ಬಾಡಿಗೆ ಮನೆಗೆ ಮೂವತ್ತೆರಡು ಮೆಟ್ಟಿಲು. ಆ ಮೆಟ್ಟಿಲುಗಳನ್ನು ಅಕ್ಕನ ಸೊಂಟದ ಮೇಲೆ ಕೂತು ಹತ್ತಿದ್ದೇ ಹೊಲಿಗೆಯಮ್ಮನ ಮೊದಲ ನೆನಪು.

ಅಕ್ಕ ಹಡಗಿನ ಯಂತ್ರ ರಿಪೇರಿ ಮಾಡುವ ಒಬ್ಬನನ್ನು ಮದುವೆಯಾಗಿ ಅವನ ದೇಶಕ್ಕೆ ಹೋಗಿ ನಲವತ್ತು ವರ್ಷವಾಗಿತ್ತು. ಅವನದು ಸ್ಪ್ಯಾನಿಷ್ ಮಾತಿನ ಊರು. ಅಲ್ಲಿಂದ ಅಕ್ಕ ಬಂದದ್ದು ಮೂರೇ ಸಲ. ಅದರಲ್ಲಿ ಒಂದು ಸಲ ಅಪ್ಪ ಹೋದಾಗ, ಇನ್ನೊಂದು ಸಲ ಅಮ್ಮ ಹೋದಾಗ. ಹೊಲಿಗೆಯಮ್ಮ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ, ಕೆಲವರು ಸತ್ತೂ ಹೋಗಿ, ಈಗ ಆ ಪ್ರಶ್ನೆಯೇ ಉಳಿದಿರಲಿಲ್ಲ. ಉಳಿದದ್ದು ಭಾನುವಾರ ರಾತ್ರಿ ಹತ್ತು ಗಂಟೆಯ ಫೋನು. ವಾರದ ಆರು ದಿನ ಅವಳು ಬಾಯಿ ಬಿಡುತ್ತಿದ್ದದ್ದು ದಾರ ಕಚ್ಚಿ ಕತ್ತರಿಸಲು ಎಂದು ಮೇಲಿನ ಮಹಡಿಯ ಗುಮಾಸ್ತರು ತಮಾಷೆ ಮಾಡುತ್ತಿದ್ದರು. ಏಳನೆಯ ದಿನ ಅವಳು ಎಷ್ಟು ಮಾತಾಡುತ್ತಾಳೆಂದು ಅವರಿಗೇನು ಗೊತ್ತು.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಒಂದು ತಿಂಗಳು ಮಾತೇ ಇರಲಿಲ್ಲ. ಆಮೇಲೆ ಮಾತು ಬಂತು, ಆದರೆ ಬಂದದ್ದು ಸ್ಪ್ಯಾನಿಷ್ ಒಂದೇ. ಹುಟ್ಟಿನಿಂದ ಆಡಿದ ಮಾತು ಒಂದಕ್ಷರವೂ ಉಳಿಯದಂತೆ ಒರೆಸಿ ಹೋಗಿತ್ತು. ಹೀಗೂ ಆಗುವುದುಂಟು, ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಅಲ್ಲಿನ ವೈದ್ಯರು ಹೇಳಿದರಂತೆ. ಹಾಗೆಂದು ಮುರುಕು ಇಂಗ್ಲಿಷಿನಲ್ಲಿ ಬರೆದು ಕಳಿಸಿದವಳು ಅಕ್ಕನ ಮಗಳು. ಅವಳಿಗೆ ತಾಯಿಯ ಭಾಷೆಯಲ್ಲಿ ಬರುತ್ತಿದ್ದದ್ದು ‘ಚಿಕ್ಕಮ್ಮ’ ಎಂಬ ಒಂದೇ ಪದ.

ಮೊದಲ ಭಾನುವಾರ ಫೋನಿನಲ್ಲಿ ಅದೇ ದನಿ, ಅದೇ ಕೆಮ್ಮು. ‘ಕಿಯೆನ್ ಎಸ್?’ ಎಂದಿತು ದನಿ. ಹೊಲಿಗೆಯಮ್ಮ ‘ನಾನು ಕಣೇ, ಬಾಲ’ ಎಂದಳು. ಆ ಕಡೆಯಿಂದ ಮತ್ತೆ ಅದೇ ಪ್ರಶ್ನೆ. ಯಾರು ಎಂದು ಕೇಳುತ್ತಿದ್ದಾಳೆ ಅಂತ ಗೊತ್ತಾಗಲು ಸ್ಪ್ಯಾನಿಷ್ ಬೇಕಾಗಿರಲಿಲ್ಲ. ಅವಳು ಫೋನು ಕೆಳಗಿಟ್ಟು, ಮಾಡಿಟ್ಟ ಒಂದು ಲೋಟ ಚಹಾ ಆರಿ ತಣ್ಣಗಾಗುವವರೆಗೆ ಹಾಗೇ ಕೂತಿದ್ದಳು. ಆ ಮನೆ, ಆ ಮೆಟ್ಟಿಲು, ಅಪ್ಪನ ಕೆಮ್ಮು, ಅಮ್ಮನ ಇಸ್ತ್ರಿ ಪೆಟ್ಟಿಗೆ, ಇದನ್ನೆಲ್ಲ ಕಂಡವರು ಲೋಕದಲ್ಲಿ ಇಬ್ಬರಿದ್ದರು. ಈಗ ಒಬ್ಬಳೇ ಆದಳು. ಒಬ್ಬಳೇ ಕಂಡದ್ದನ್ನು ನಿಜ ಎಂದು ಹೇಳಲು ಸಾಕ್ಷಿ ಯಾರು?

ಇನ್ನೊಂದು ವಿಷಯವೂ ಇತ್ತು. ಅದನ್ನು ಅವಳು ಐವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅಪ್ಪ ಅಂಗಡಿಯವರ ತಕ್ಕಡಿ ರಿಪೇರಿ ಮಾಡುತ್ತಿದ್ದ. ಮನೆಯಲ್ಲಿ ಹಿತ್ತಾಳೆಯ ತೂಕದ ಬೊಟ್ಟುಗಳು ಸಾಲಾಗಿ ಮರದ ಪೆಟ್ಟಿಗೆಯಲ್ಲಿರುತ್ತಿದ್ದವು. ಅಕ್ಕ ತಂಗಿ ಮೇಜಿನ ಕೆಳಗೆ ಕೂತು ಅವುಗಳನ್ನೇ ಸಂಸಾರ ಮಾಡಿ ಆಡುತ್ತಿದ್ದರು. ದೊಡ್ಡದು ಅಪ್ಪ, ಅದಕ್ಕಿಂತ ಚಿಕ್ಕದು ಅಮ್ಮ, ಎಲ್ಲಕ್ಕಿಂತ ಸಣ್ಣದು ಬಾಲ. ಒಂದು ದಿನ ಆ ಸಣ್ಣದನ್ನು ನಿಜವಾದ ಬಾಲ ಬಚ್ಚಲಿನ ಕಿಂಡಿಯಲ್ಲಿ ಹಾಕಿಬಿಟ್ಟಳು. ಸಂಜೆ ಅಪ್ಪ ಕೇಳಿದಾಗ ಅಕ್ಕ ಎದ್ದು ನಿಂತು ‘ನಾನು ಕಳೆದೆ’ ಎಂದಳು. ಏಟು ತಿಂದಳು. ಆ ಏಟು ತನ್ನದು ಎಂದು ತಂಗಿ ಅವತ್ತೂ ಹೇಳಲಿಲ್ಲ, ಆಮೇಲಿನ ಸಾವಿರಾರು ಭಾನುವಾರಗಳಲ್ಲೂ ಹೇಳಲಿಲ್ಲ. ಮುಂದಿನ ವಾರ ಹೇಳಿದರಾಯಿತು ಎಂದುಕೊಳ್ಳುವುದಕ್ಕೆ ಭಾನುವಾರದಷ್ಟು ಅನುಕೂಲದ ದಿನ ಬೇರೆ ಇಲ್ಲ.

ಹೀಗಾಗಿ ಐವತ್ತೆಂಟನೆಯ ವಯಸ್ಸಿನಲ್ಲಿ ಹೊಲಿಗೆಯಮ್ಮ ಸ್ಪ್ಯಾನಿಷ್ ಕಲಿಯಲು ಹೊರಟಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗುಮಾಸ್ತರು ನಕ್ಕರು. ನಗಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಕಲಿಸಲು ಸಿಕ್ಕವರು ಓದುವ ಕೋಣೆಯ ಕಿಟಕಿ ಪಕ್ಕ ದಿನವೂ ಕೂರುತ್ತಿದ್ದ ಮುದುಕರು. ಜೀವಮಾನವೆಲ್ಲ ಯಂತ್ರಗಳ ಜೊತೆ ಬರುವ ಸೂಚನೆಯ ಪುಸ್ತಿಕೆಗಳನ್ನು ಸ್ಪ್ಯಾನಿಷಿನಿಂದ ಅನುವಾದಿಸಿ ನಿವೃತ್ತರಾದವರು. ವಾಕ್ಯದ ಮಧ್ಯೆ ನಿಂತು, ಕನ್ನಡಕ ಒರೆಸಿ, ಮತ್ತೆ ಮುಂದುವರಿಸುತ್ತಿದ್ದದ್ದರಿಂದ ಅವರಿಗೆ ಅಲ್ಪವಿರಾಮ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಫೀಸು ಬೇಡವೆಂದರು. ಬದಲಿಗೆ ತಮ್ಮ ಬೆನ್ನು ಮುರಿದ ನಿಘಂಟನ್ನು ಕಟ್ಟಿಕೊಡಬೇಕು ಎಂದರು. ವ್ಯಾಕರಣದ ಪುಸ್ತಕ ಬೇಕೇ ಎಂದು ಇವಳು ಕೇಳಿದ್ದಕ್ಕೆ, ನೀರಿಗಿಳಿಯದೆ ಈಜು ಬರುವುದಿಲ್ಲ, ಕಾದಂಬರಿ ಹಿಡಿಯಿರಿ ಎಂದರು. ಅದೂ ಹಳೆಯದು, ದಪ್ಪದ್ದು, ಹೊತ್ತು ಗೊತ್ತಿಲ್ಲದೆ ಮಾತಾಡುವಂಥದ್ದು. ಹೊಸ ಕಾಲದವರು ಬರೆಯುವುದು ತಂತಿ ಕಳಿಸಿದ ಹಾಗಿರುತ್ತದೆ, ಅದರಲ್ಲಿ ಭಾಷೆ ಎಲ್ಲಿ ಸಿಗಬೇಕು ಎಂಬುದು ಅವರ ವಾದ.

ಅಂಥದ್ದೊಂದು ಅವಳ ಮೇಜಿನ ಮೇಲೆಯೇ ಇತ್ತು. ನೂರೈವತ್ತು ವರ್ಷ ಹಳೆಯ ಸ್ಪ್ಯಾನಿಷ್ ಕಾದಂಬರಿ, ರಟ್ಟು ಹೋಗಿ, ದಾರ ಕೊಳೆತು, ರಿಪೇರಿಗೆ ಬಂದದ್ದು. ಹೊಲಿಗೆಯಮ್ಮ ಅದನ್ನು ಬಿಚ್ಚಿ ಇಪ್ಪತ್ತಮೂರು ಫಾರಂ ಮಾಡಿದ್ದಳು. ಫಾರಂ ಎಂದರೆ ಒಂದೇ ಹಾಳೆಯನ್ನು ಮಡಿಸಿ ಮಡಿಸಿ ಮಾಡಿದ ಹದಿನಾರು ಪುಟದ ಕಂತೆ. ಅಂಥ ಕಂತೆಗಳನ್ನು ಒಂದರ ಮೇಲೊಂದಿಟ್ಟು ಬೆನ್ನಿಗೆ ಹೊಲಿದರೆ ಪುಸ್ತಕ. ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಅದರ ಕ್ರಮಸಂಖ್ಯೆ ಸಣ್ಣಗೆ ಇರುತ್ತದೆ. ಓದುವವರು ಅದನ್ನು ಯಾವತ್ತೂ ನೋಡುವುದಿಲ್ಲ, ಕಟ್ಟುವವರು ಅದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ. ಅವಳು ಒಂದೊಂದನ್ನೂ ಕಂದು ಕಾಗದದಲ್ಲಿ ಸುತ್ತಿ, ಮೇಲೆ ಅಂಕಿ ಬರೆದು, ಎರಡು ಹಲಗೆಗಳ ನಡುವೆ ಒತ್ತಿಡುತ್ತಿದ್ದಳು.

ರಿಪೇರಿಯ ಪುಸ್ತಕವನ್ನು ಕೋಣೆಯಿಂದ ಆಚೆ ಒಯ್ಯಬಾರದು ಎಂಬ ನಿಯಮವಿತ್ತು. ಬಿಚ್ಚಿದ ಮೇಲೆ ಅದು ಪುಸ್ತಕವೇ ಅಲ್ಲ, ಬರೀ ಕಾಗದ ಎಂದು ಹೊಲಿಗೆಯಮ್ಮ ತನಗೆ ತಾನೇ ತೀರ್ಪು ಕೊಟ್ಟುಕೊಂಡು ವಾರಕ್ಕೊಂದು ಫಾರಂ ಕೈಚೀಲದಲ್ಲಿಟ್ಟು ಮನೆಗೊಯ್ದಳು. ಮೂವತ್ತೊಂದು ವರ್ಷದಲ್ಲಿ ಮಾಡಿದ ಮೊದಲ ಕಳ್ಳತನ. ಕಳ್ಳತನದಿಂದ ಓದಿದ್ದು ತಲೆಗೆ ಚೆನ್ನಾಗಿ ಹತ್ತುತ್ತದೆ.

ಮೊದಲ ಎಂಟು ಫಾರಂಗಳಲ್ಲಿ ಜನ ಹುಟ್ಟಿದರು, ಜಗಳವಾಡಿದರು, ಕುದುರೆಯಿಂದ ಬಿದ್ದರು, ಒಬ್ಬ ಪಾದ್ರಿ ಸತ್ತ. ಒಂಬತ್ತನೆಯದಕ್ಕೆ ಬಂದಾಗ ಏನೂ ಆಗಲಿಲ್ಲ. ಮುದುಕಿಯಾದ ನಾಯಕಿ ತಾನು ಹುಟ್ಟಿದ ಮನೆಯನ್ನು ನೆನೆಯುತ್ತಾ ಕೂರುತ್ತಾಳೆ, ಹದಿನಾರು ಪುಟ. ಹೊಲಿಗೆಯಮ್ಮ ಮೇಷ್ಟ್ರ ಹತ್ತಿರ ಹೋಗಿ, ಇಲ್ಲಿ ಕ್ರಿಯಾಪದಗಳೆಲ್ಲ ಬೇರೆ ಥರ ಇವೆ, ಅಚ್ಚಿನ ತಪ್ಪೇ ಎಂದು ಕೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ‘ಅವರಲ್ಲಿ ಹಿಂದಿನದಕ್ಕೆ ಎರಡು ದಾರಿ ಇವೆಯಮ್ಮ. ಆಗಿ ಮುಗಿದದ್ದು ಒಂದು. ಆಗ್ತಾ ಇದ್ದದ್ದು ಇನ್ನೊಂದು. ಬಾಗಿಲು ಮುರೀತು ಅನ್ನೋದು ಮೊದಲನೇದು. ಬಾಗಿಲು ಕಿರ್ ಅಂತಿತ್ತು, ಅಮ್ಮ ಹಾಡ್ತಿದ್ದಳು, ನಾವು ಹೋಗ್ತಿದ್ವಿ, ಇವೆಲ್ಲ ಎರಡನೇದು. ಈ ಫಾರಂನಲ್ಲಿ ಏನೂ ಆಗೋದಿಲ್ಲ, ಎಲ್ಲಾ ಇರುತ್ತೆ. ಅದಕ್ಕೇ ಇದನ್ನ ಹತ್ತು ಸಲ ಓದಿ.’

ಅವಳು ಇಪ್ಪತ್ತು ಸಲ ಓದಿದಳು. ಬಸ್ಸಿನಲ್ಲಿ ಓದಿದಳು, ಅಂಟು ಕುದಿಸುತ್ತಾ ಓದಿದಳು. ಕಾಂತಾಬಾ ಎಂದರೆ ಹಾಡುತ್ತಿದ್ದಳು. ಈಬಾಮೋಸ್ ಎಂದರೆ ಹೋಗುತ್ತಿದ್ದೆವು. ಎರಾ ಎಂದರೆ ಇತ್ತು, ಸುಮ್ಮನೆ ಇತ್ತು, ಯಾವಾಗ ಶುರುವಾಯಿತು ಯಾವಾಗ ಮುಗಿಯಿತು ಎಂದು ಯಾರೂ ಕೇಳುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಇದೇ. ಅವಳ ಸ್ವಂತ ಭಾಷೆಯಲ್ಲೂ ಇದೇನು ಇರಲಿಲ್ಲವೆಂದಲ್ಲ, ಇತ್ತು, ದಿನಕ್ಕೆ ನೂರು ಸಲ ಬಾಯಿಗೆ ಬರುತ್ತಿತ್ತು. ಆದರೆ ಗಾಳಿ ಇದೆ ಎಂದು ಗೊತ್ತಾಗುವುದು ಉಸಿರು ಸಿಕ್ಕಿಹಾಕಿಕೊಂಡಾಗ ಮಾತ್ರ.

ಇಷ್ಟರಲ್ಲಿ ಭಾನುವಾರದ ಫೋನಿನಲ್ಲಿ ಅವಳು ನಾಲ್ಕು ಮಾತಾಡುವಷ್ಟಾಗಿದ್ದಳು. ಹೇಗಿದ್ದೀಯ, ಊಟವಾಯಿತೇ, ಚಳಿಯೇ. ನಾನು ನಿನ್ನ ತಂಗಿ ಎಂದು ಮೂರು ಸಲ ಹೇಳಿದಳು. ಅಕ್ಕನ ಮಗಳೂ ಪಕ್ಕದಲ್ಲಿ ಕೂತು ಹೇಳಿದಳು. ಅಕ್ಕ ಮರ್ಯಾದೆಯಿಂದ ಕೇಳಿಸಿಕೊಂಡು, ತುಂಬಾ ಸಂತೋಷ ಎಂದಳು. ಅವಳು ತಂಗಿಗೆ ‘ನೀವು’ ಎನ್ನುತ್ತಿದ್ದಳು. ಮನೆಯವರ ಹತ್ತಿರ ಇವಳನ್ನು ಭಾನುವಾರದಮ್ಮ ಎಂದು ಕರೆಯುತ್ತಿದ್ದಳಂತೆ. ಸೊಂಟದ ಮೇಲೆ ಹೊತ್ತವಳ ಬಾಯಿಂದ ನೀವು ಎನ್ನಿಸಿಕೊಳ್ಳುವುದು ಬೈಗುಳಕ್ಕಿಂತ ಕೆಟ್ಟದ್ದು, ಅದನ್ನು ತಿಂದವರಿಗೇ ಗೊತ್ತು.

ಅವಳು ಈ ಸಂಕಟವನ್ನು ಮೇಷ್ಟ್ರ ಮುಂದೆ ಹೇಳಿಕೊಂಡಾಗ ಅವರು ಒಂದು ಪಾಠ ಕೊಟ್ಟರು. ಒಂಬತ್ತನೆಯ ಫಾರಂ ಅನ್ನೇ ಎದುರಿಗಿಟ್ಟುಕೊಂಡು ಮತ್ತೆ ಬರೆಯಬೇಕು. ಅಚ್ಚು ಅವರದ್ದು, ಮನೆ ನಿಮ್ಮದು. ಅವರ ಮನೆಯಲ್ಲಿ ನೀಲಿ ಬಾಗಿಲಿದ್ದರೆ ನಿಮ್ಮಲ್ಲಿ ಏನಿತ್ತೋ ಅದು. ಅವರಮ್ಮ ಕಿಟಕಿಯಲ್ಲಿ ನಿಂತು ಹಾಡುತ್ತಿದ್ದರೆ ನಿಮ್ಮಮ್ಮ ಏನು ಮಾಡುತ್ತಿದ್ದಳೋ ಅದು. ಬರೆದು ಅಕ್ಕನಿಗೆ ಓದಿ ಹೇಳಿ ಎಂದರು.

ಎರಡು ತಿಂಗಳು ಹಿಡಿಯಿತು. ಅಮ್ಮ ಹಾಡುತ್ತಿರಲಿಲ್ಲ, ಜನರ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಅಂಗಿಗಳನ್ನು ಜೋರಾಗಿ ಎಣಿಸುತ್ತಿದ್ದಳು. ಕೆಳಗಿನ ಅಂಗಡಿಯಿಂದ ಮರದ ಹೊಟ್ಟು ಹಾರಿ ಬಂದು ಎಲ್ಲರ ಹುಬ್ಬಿನ ಮೇಲೆ ಕೂರುತ್ತಿತ್ತು. ಅಪ್ಪ ಯಾವ ತಕ್ಕಡಿಯನ್ನೂ ನಂಬುತ್ತಿರಲಿಲ್ಲ, ಯಾವ ಮನುಷ್ಯನನ್ನೂ ನಂಬುತ್ತಿರಲಿಲ್ಲ, ಅಕ್ಕನನ್ನು ಮಾತ್ರ ನಂಬುತ್ತಿದ್ದ. ಒಬ್ಬ ಅಕ್ಕ ಇದ್ದಳು. ಅವಳ ಹಿಂದೆ ಬಾಲ ಇರುತ್ತಿದ್ದಳು. ತೂಕದ ಬೊಟ್ಟು ಕಳೆದ ದಿನದ ಕಥೆ ಮಾತ್ರ ಆಗಿ ಮುಗಿದದ್ದು, ಅದು ಹದಿನಾಲ್ಕನೆಯ ಪುಟದಲ್ಲಿ ಬಂತು. ಹಾಕಿದ್ದು ಯಾರು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಳು. ಮೇಷ್ಟ್ರು ಇಡೀ ಬರಹದಲ್ಲಿ ಎಪ್ಪತ್ತು ತಪ್ಪು ತಿದ್ದಿದರು, ಆ ಪುಟದಲ್ಲಿ ಒಂದನ್ನೂ ತಿದ್ದಲಿಲ್ಲ. ಅಲ್ಲಿ ತಪ್ಪೇ ಇರಲಿಲ್ಲವೋ, ತಿದ್ದಲು ಅವರಿಗೆ ಮನಸ್ಸಾಗಲಿಲ್ಲವೋ, ಅವಳು ಕೇಳಲಿಲ್ಲ.

ಎಷ್ಟೆಂದರೂ ಕಸುಬಿನವಳು, ಸುಮ್ಮನೆ ಬಿಡಿಹಾಳೆಯಲ್ಲಿ ಬರೆಯುತ್ತಾಳೆಯೇ? ಅದೇ ಅಳತೆಯ ಹಾಳೆ ಕತ್ತರಿಸಿ, ಅದೇ ರೀತಿ ಮಡಿಸಿ, ಹದಿನಾರು ಪುಟ ಶುದ್ಧವಾಗಿ ನಕಲು ಮಾಡಿದಳು. ಕಂದು ಕಾಗದದಲ್ಲಿ ಸುತ್ತಿದಳು. ಇದೂ ಒಂಬತ್ತನೆಯದೇ ಅಲ್ಲವೇ ಎಂಬ ಹೆಮ್ಮೆಯಲ್ಲಿ ಮೊದಲ ಪುಟದ ಅಡಿಯಲ್ಲೂ ಹೊದಿಕೆಯ ಮೇಲೂ ಒಂಬತ್ತು ಎಂದು ಬರೆದಳು. ಒಂದೇ ಅಂಕಿಯ ಎರಡು ಫಾರಂ ಮೇಜಿನ ಮೇಲೆ ಇರಬಾರದು ಎನ್ನುವುದು ಆ ಕಸುಬಿನಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ಆನೆಯೂ ಅಡಿ ತಪ್ಪುತ್ತದೆ.

ಶನಿವಾರ ಸಂಜೆ ಮೇಲಿನಿಂದ ಪುಸ್ತಕಾಲಯದ ಅಧಿಕಾರಿ ಇಳಿದು ಬಂದು, ಆ ಸ್ಪ್ಯಾನಿಷ್ ಕಾದಂಬರಿ ಇನ್ನೂ ಆಗಿಲ್ಲವೇ, ಬರುವ ವಾರ ಹೊಲಿದು ಮುಗಿಸಿಬಿಡಿ ಎಂದರು. ಅವಳು ಗಡಬಡಿಸಿ, ಹೊದಿಕೆ ಬಿಚ್ಚಿಯೂ ನೋಡದೆ, ಚೀಲದಲ್ಲಿದ್ದ ಒಂಬತ್ತನ್ನು ತೆಗೆದು ಉಳಿದವುಗಳ ನಡುವೆ ಇಟ್ಟು ಒತ್ತುಹಲಗೆ ಬಿಗಿದಳು. ಮೇಜಿನ ಮೇಲಿದ್ದ ಒಂಬತ್ತನ್ನು ಚೀಲಕ್ಕೆ ಹಾಕಿಕೊಂಡಳು. ಕೋಣೆಗೆ ಬೀಗ ಬಿತ್ತು.

ಭಾನುವಾರ ಅವಳು ಎಂಟು ಗಂಟೆಗೇ ತಯಾರಾಗಿ, ಇಸ್ತ್ರಿ ಹಾಕಿದ ಸೀರೆ ಉಟ್ಟು ಕೂತಿದ್ದಳು. ಫೋನಿನಲ್ಲಿ ಕಾಣುವುದೇನೂ ಇಲ್ಲ, ಆದರೂ ಉಟ್ಟಳು. ಹತ್ತಕ್ಕೆ ಅಕ್ಕನ ಮಗಳು ಫೋನು ಎತ್ತಿ, ‘ಚಿಕ್ಕಮ್ಮ’ ಎಂದು, ಅಮ್ಮನ ಕಿವಿಯ ಹತ್ತಿರ ಹಿಡಿದಳು. ಒಂದು ಕಥೆ ಓದುತ್ತೇನೆ, ಕೇಳುತ್ತೀಯಾ ಎಂದು ಇವಳು ಕೇಳಿದಳು. ಓದಿ ಎಂದಳು ಅಕ್ಕ. ಹೊಲಿಗೆಯಮ್ಮ ಕಂದು ಕಾಗದ ಬಿಚ್ಚಿದಳು. ಒಳಗೆ ಅಚ್ಚಾದ ಅಕ್ಷರ.

ತನ್ನದು ಬೀಗದ ಹಿಂದೆ ಹಲಗೆಯ ನಡುವೆ ಇದೆ ಎಂದು ಗೊತ್ತಾಯಿತು. ಬಾಯಿಪಾಠದಿಂದ ಹೇಳೋಣವೆಂದರೆ ಗಾಬರಿಯಲ್ಲಿ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. ಆ ಕಡೆ ಅಕ್ಕ ಕಾಯುತ್ತಿದ್ದಳು, ಅವಳ ಉಸಿರು ಕೇಳುತ್ತಿತ್ತು. ಸರಿ, ಇವತ್ತಿಗೆ ಇದೇ ಆಗಲಿ, ಮುಂದಿನ ವಾರ ನಮ್ಮದು ಎಂದುಕೊಂಡು ಅವಳು ಕಾದಂಬರಿಯ ಮುದುಕಿಯ ಮನೆಯನ್ನೇ ಓದಿದಳು. ನೀಲಿ ಬಾಗಿಲು ಕಿರ್ ಎನ್ನುತ್ತಿತ್ತು. ಅಮ್ಮ ಕಿಟಕಿಯಲ್ಲಿ ನಿಂತು ಹಾಡುತ್ತಿದ್ದಳು. ಅಂಗಳದಲ್ಲಿ ಒಂದು ಬಿಳಿ ಕುದುರೆ ಕಟ್ಟಿರುತ್ತಿತ್ತು.

ಮೂರನೆಯ ಪುಟಕ್ಕೆ ಅಕ್ಕ ನಡುವೆ ಬಾಯಿ ಹಾಕಿದಳು. ‘ಇದು ನಮ್ಮ ಮನೆ,’ ಎಂದಳು. ‘ಆ ಬಾಗಿಲು ನಂಗೆ ಗೊತ್ತು. ನಮ್ಮಮ್ಮ ಹಾಡ್ತಿದ್ದಳು.’

ಹಿಂದಿನಿಂದ ಅಕ್ಕನ ಮಗಳು ಅಳುವುದು ಕೇಳಿಸಿತು. ಕಾಯಿಲೆ ಬಿದ್ದ ಮೇಲೆ ಅಮ್ಮ ಚಿಕ್ಕಂದಿನದು ಹೇಳುತ್ತಿರುವುದು ಇದೇ ಮೊದಲು, ನಿಲ್ಲಿಸಬೇಡಿ ಚಿಕ್ಕಮ್ಮ, ಓದಿ ಎಂದು ಅವಳು ಅಂಗಲಾಚಿದಳು. ಹೊಲಿಗೆಯಮ್ಮ ಓದಿದಳು. ಪುಟ ತಿರುವಿದಷ್ಟೂ ಅಕ್ಕ ಹೌದು ಹೌದು ಎನ್ನುತ್ತಾ ಹೋದಳು. ಕುದುರೆಯ ಹಣೆಯ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು ಎಂದು ಕಾದಂಬರಿಯಲ್ಲಿ ಇಲ್ಲದ್ದನ್ನೂ ತಾನೇ ಸೇರಿಸಿದಳು. ಅವಳ ದನಿ ಎಷ್ಟು ಗೆಲುವಾಗಿತ್ತೆಂದರೆ, ಇಲ್ಲ ಅಕ್ಕ, ನಮ್ಮಲ್ಲಿ ಕುದುರೆ ಇರಲಿಲ್ಲ, ಮರದ ಹೊಟ್ಟಿತ್ತು ಎಂದು ಹೇಳಲು ಯಾವ ತಂಗಿಗೂ ನಾಲಿಗೆ ಏಳುತ್ತಿರಲಿಲ್ಲ.

ಕೊನೆಯ ಪುಟ ಮುಗಿದಾಗ ಅಕ್ಕ ನೆಮ್ಮದಿಯಿಂದ ಹೇಳಿದಳು. ‘ಅಷ್ಟು ದೊಡ್ಡ ಮನೇಲಿ ನಾನು ಒಬ್ಬಳೇ ಮಗಳು. ಅಕ್ಕ ತಂಗಿ ಯಾರೂ ಇರಲಿಲ್ಲ. ಆದ್ರೂ ಬೇಜಾರಾಗ್ತಿರಲಿಲ್ಲ ನೋಡಿ.’

ಕಾದಂಬರಿಯ ಮುದುಕಿ ಒಬ್ಬಳೇ ಮಗಳು, ಅದು ನಿಜವೇ. ಫೋನಿಟ್ಟ ಮೇಲೆ ಹೊಲಿಗೆಯಮ್ಮ ಇಸ್ತ್ರಿ ಹಾಕಿದ ಸೀರೆಯಲ್ಲೇ ಮಂಚದ ಮೇಲೆ ಮಲಗಿಬಿಟ್ಟಳು. ಅವಳಿಗೆ ಜೋರಾಗಿ ಅಳು ಬಂತು, ಅತ್ತಳು. ಮರೆತಿದ್ದರೆ ಮರೆತಳು ಎಂದುಕೊಳ್ಳಬಹುದಿತ್ತು. ಈಗ ತಾನೇ ಕೈಯಾರೆ ಓದಿ ಓದಿ ತನ್ನನ್ನು ಆ ಮನೆಯಿಂದ ಆಚೆ ಹಾಕಿಸಿಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ಒತ್ತುಹಲಗೆ ಸಡಿಲಿಸಿ ತನ್ನ ಒಂಬತ್ತನ್ನು ಹೊರಗೆಳೆದಳು. ಒಂದು ದಿನದ ಒತ್ತಿನಲ್ಲಿ ಅದು ಉಳಿದವುಗಳಷ್ಟೇ ಚಪ್ಪಟೆಯಾಗಿ, ಬೆನ್ನು ನೇರವಾಗಿ, ಆ ಪುಸ್ತಕದ್ದೇ ಎನ್ನುವ ಹಾಗಿತ್ತು. ನಿಜವಾದ ಒಂಬತ್ತನ್ನು ಜಾಗಕ್ಕೆ ಸೇರಿಸಿ, ದಾರಕ್ಕೆ ಮೇಣ ಸವರಿ, ಬುಧವಾರದ ಹೊತ್ತಿಗೆ ಇಪ್ಪತ್ತಮೂರನ್ನೂ ಹೊಲಿದಳು. ಹೊಲಿಗೆ ಎಂದಿನಂತೆ ನೆಟ್ಟಗಿತ್ತು. ಕೈಗೆ ಮನಸ್ಸಿನ ಸಹವಾಸ ಯಾವಾಗಲೂ ಬೇಕಿಲ್ಲ.

ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿ, ಓದಲೋ ಬೇಡವೋ ಎಂದು ಕೇಳಿದಳು. ನೆಮ್ಮದಿಯಾಗಿರುವ ಕಾಯಿಲೆಯವಳ ಹತ್ತಿರ ಹೋಗಿ ನಿನ್ನ ಮನೆ ಸುಳ್ಳು ಎನ್ನುವುದು ಸರಿಯೇ? ಸುಮ್ಮನಿದ್ದರೆ ತಾನು ಎಲ್ಲೂ ಇರದವಳಾಗುವುದು ಸರಿಯೇ? ಮೇಷ್ಟ್ರು ಕನ್ನಡಕವನ್ನು ಬಹಳ ಹೊತ್ತು ಒರೆಸಿದರು. ತಮ್ಮ ಹೆಂಡತಿ ಹೋದ ಮೇಲೆ ತಾವು ಹನ್ನೆರಡು ವರ್ಷ ಯಾರಿಗೂ ಯಾವ ಮನೆಯನ್ನೂ ಓದಿ ಹೇಳಿಲ್ಲ, ಹೀಗಾಗಿ ತಮಗೆ ಇದರಲ್ಲಿ ಅನುಭವವಿಲ್ಲ ಎಂದರು. ಆಮೇಲೆ, ‘ಓದಿ, ಆದರೆ ಇದು ನಿನ್ನದೇ ಮನೆ ಅಂತ ಹೇಳಬೇಡಿ. ಕೇಳಿದವರಿಗೆ ಬಿಡಿ’ ಎಂದರು.

ಮತ್ತೆ ಭಾನುವಾರ ಬಂತು. ಈ ಸಲ ಅವಳು ಹಿಂದಿನ ದಿನವೇ ಹೊದಿಕೆ ಬಿಚ್ಚಿ ಮೂರು ಸಲ ನೋಡಿಕೊಂಡಿದ್ದಳು. ಇನ್ನೊಂದು ಕಥೆ ಇದೆ, ಬೇರೆ ಮನೆಯದು ಎಂದಳು. ಕುದುರೆ ಇದೆಯೇ ಎಂದು ಅಕ್ಕ ಕೇಳಿದಳು. ಇಲ್ಲ, ತಕ್ಕಡಿ ಇದೆ ಎಂದು ಇವಳು ಶುರು ಮಾಡಿದಳು.

ಮೂವತ್ತೆರಡು ಮೆಟ್ಟಿಲುಗಳು ಇದ್ದವು. ಮರದ ಹೊಟ್ಟು ಹಾರುತ್ತಿತ್ತು. ಅಮ್ಮ ಅಂಗಿಗಳನ್ನು ಎಣಿಸುತ್ತಿದ್ದಳು. ಮೊದಲೆರಡು ಪುಟ ಅವಳ ಕಿವಿಯೆಲ್ಲ ಆ ಕಡೆಗೇ ಇತ್ತು, ಈಗ ಹೌದು ಎನ್ನುತ್ತಾಳೆ, ಈಗ ಎನ್ನುತ್ತಾಳೆ ಎಂದು. ಅಕ್ಕ ಎನ್ನಲಿಲ್ಲ. ಅಂಗಿ ಎಣಿಸುವಲ್ಲಿ ಸ್ವಲ್ಪ ನಕ್ಕಳು, ಅಷ್ಟೇ, ಪಕ್ಕದ ಮನೆಯವರ ಸುದ್ದಿ ಕೇಳಿ ನಗುವ ಹಾಗೆ. ಐದನೆಯ ಪುಟಕ್ಕೆ ಹೊಲಿಗೆಯಮ್ಮ ಆಸೆ ಬಿಟ್ಟಳು. ಬಿಟ್ಟ ಮೇಲೆ ಓದು ಚೆನ್ನಾಗಿ ಸಾಗಿತು.

ಹದಿನಾಲ್ಕನೆಯ ಪುಟದಲ್ಲಿ ಸಣ್ಣ ಬೊಟ್ಟು ಬಚ್ಚಲಿನ ಕಿಂಡಿಗೆ ಬಿತ್ತು. ಚಿಕ್ಕವಳು ಹಾಕಿದಳು. ದೊಡ್ಡವಳು ಎದ್ದು ನಿಂತು ನಾನು ಎಂದಳು. ಅಪ್ಪ ಹೊಡೆದ. ಹೊಲಿಗೆಯಮ್ಮ ಅಲ್ಲಿ ನಿಂತಳು. ಮುಂದೆ ಓದಲು ಬರೆದದ್ದಿತ್ತು, ಓದಲಾಗಲಿಲ್ಲ. ತಡೆದುಕೊಂಡು, ಆ ದೊಡ್ಡವಳು ಯಾಕೆ ಹಾಗೆ ಮಾಡಿದಳೋ, ಚಿಕ್ಕವಳ ತಪ್ಪಿಗೆ ತಾನು ಏಟು ತಿಂದಳಲ್ಲ ಎಂದು ತಡವರಿಸುತ್ತಾ ಕೇಳಿದಳು.

‘ಅದರಲ್ಲೇನಿದೆ,’ ಎಂದಳು ಅಕ್ಕ, ತೀರಾ ಸಾಮಾನ್ಯವಾಗಿ. ‘ಅದು ಚಿಕ್ಕದಲ್ವಾ. ಚಿಕ್ಕದಕ್ಕೆ ಏಟು ಬಿದ್ರೆ ನೋಡೋಕಾಗಲ್ಲ. ದೊಡ್ಡವಳಿಗೆ ಅದು ನೆನಪಲ್ಲೂ ಇರಲ್ಲ ಬಿಡಿ.’

ಹೊಲಿಗೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಐವತ್ತು ವರ್ಷ ಹೊತ್ತದ್ದನ್ನು ಯಾರೋ ದಾರಿಯಲ್ಲಿ ಹೋಗುವವರು ಬಂದು ಇಳಿಸಿ ಹೋದ ಹಾಗಾಯಿತು. ಉಳಿದ ಎರಡು ಪುಟಗಳನ್ನು ಓದಿ ಮುಗಿಸಿದಳು.

‘ಆ ಚಿಕ್ಕವಳಿಗೆ ಏನು ಹೆಸರು ಅಂದ್ರಿ?’ ಎಂದು ಅಕ್ಕ ಕೇಳಿದಳು.

‘ಬಾಲ.’

‘ಬಾಲ,’ ಎಂದಳು ಅಕ್ಕ. ನಾಲಿಗೆಗೆ ಹೊಸದಾದದ್ದನ್ನು ಆಡಿ ನೋಡುವಂತೆ ಮತ್ತೊಮ್ಮೆ, ‘ಬಾಲ.’ ಹನ್ನೊಂದು ತಿಂಗಳ ಮೇಲೆ ಆ ದನಿಯಲ್ಲಿ ಆ ಹೆಸರು. ‘ಎಂಥ ಹೆಸರಪ್ಪಾ ಇದು. ಪಾಪ, ದೊಡ್ಡವಳಾದ ಮೇಲೆ ಅವಳಿಗೆ ಯಾರಾದ್ರೂ ಇದ್ರಾ?’

ಹೊಲಿಗೆಯಮ್ಮನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಕುರ್ಚಿಯ ಮೇಲೆ ಅವಳು. ಅವಳು ಸರಿಯಾದ ಕ್ರಿಯಾಪದಕ್ಕಾಗಿ ಹುಡುಕಬೇಕಾಗಲಿಲ್ಲ, ಅದು ತಾನೇ ಬಂತು.

‘ಒಬ್ಬಳು ಅಕ್ಕ ಇದ್ದಳು,’ ಎಂದಳು.

‘ಹಾಗಾದ್ರೆ ಪುಣ್ಯವಂತೆ ಬಿಡಿ,’ ಎಂದಳು ಅಕ್ಕ. ‘ಬರೋ ಭಾನುವಾರ ಅವರಿಬ್ಬರದ್ದೇ ಓದಿ. ಕುದುರೆದು ಬೇಡ.’

ಮಾರನೆಯ ದಿನ ಹೊಲಿಗೆಯಮ್ಮ ಕೆಲಸಕ್ಕೆ ಸ್ವಲ್ಪ ಬೇಗ ಹೋದಳು. ತನ್ನ ಫಾರಂನ ಮೊದಲ ಪುಟದ ಅಡಿಯಲ್ಲಿದ್ದ ಒಂಬತ್ತನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಒಂದು ಎಂದು ಬರೆದಳು. ಆಮೇಲೆ ಇನ್ನೊಂದು ಹಾಳೆ ಮಡಿಸಿ, ಅಡಿಯಲ್ಲಿ ಎರಡು ಎಂದು ಬರೆದು, ಮೇಜಿನ ಖಾನೆಯಲ್ಲಿಟ್ಟು, ಅವತ್ತಿನ ಹರಿದ ಪುಸ್ತಕವನ್ನು ಕೈಗೆತ್ತಿಕೊಂಡಳು.